ದೂರ ಹೊಂಟ್ರೀ ಸಾಹೇಬ್ರ?

ನಮ್ಮ ಬಳಗದಲ್ಲಿ ಮದುವೆ, ಕುಬಸ, ವಾಸ್ತುಶಾಂತಿ ಏನೇ ಇರಲಿ, ಊಟ ಮುಗಿದು ಎಲೆ ಅಡಿಕೆ ಕೈಗೆ ಬಂದ ಮೇಲೆ ಯಾರಾದರೊಬ್ಬರು ಆ ಕಥೆ ತೆಗೆಯುತ್ತಾರೆ. ಶಿವಪುತ್ರ ಮಾವ ಮನೆಯಿಂದ ಹೋಗಿಬಿಟ್ಟಿದ್ದು, ಮೊಬೈಲಿನಲ್ಲಿ ಒಂದು ಮೆಸೇಜು ಹರಿದಾಡಿದ್ದು, ಮೂರನೆಯ ದಿನ ಮಾವ ಸಿಕ್ಕಿದ್ದು. "ಒಂದ ಮೆಸೇಜ್ ನೋಡ್ರಿ, ಮನಷ್ಯಾನ್ನ ಮನಿಗೆ ತಂದ ಮುಟ್ಟಿಸ್ತು" ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಕೇಳಿದವರು ಮೇಲೆ ನೋಡಿ ಕೈ ಮುಗಿಯುತ್ತಾರೆ, ಆಮೇಲೆ ಕೆಳಗೆ ನೋಡಿ ತಮ್ಮ ತಮ್ಮ ಫೋನು ತಿಕ್ಕುತ್ತಾರೆ.

ನನಗೆ ಈ ಕಥೆಯ ಮೇಲೆ ತಕರಾರಿದೆ. ಮಾವ ಸಿಕ್ಕಿದ್ದು ಖರೆ, ಮೆಸೇಜು ಹರಿದಾಡಿದ್ದೂ ಖರೆ. ಆದರೆ ಎರಡು ಖರೆಗಳನ್ನು ಪಕ್ಕದಲ್ಲಿ ನಿಲ್ಲಿಸಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಚರ್ಚಾಸ್ಪರ್ಧೆಗೆ ತಯಾರಾಗುವವರಿಗೆ ಮೊದಲ ವಾರವೇ ಇದನ್ನು ಕಲಿಸುತ್ತಾರೆ. ಮೂರು ತಾಲ್ಲೂಕು ನೋಡಿದ ಆ ಮೆಸೇಜು ಎರಡು ದಿನ ಮಾವನನ್ನು ಯಾರ ಕೈಗೂ ಕೊಡಲಿಲ್ಲ. ನೋಡಿದವರ ಮುಂದೆಯೇ ಅವರು ನಡೆದುಹೋದರು. ಇದನ್ನು ಹೇಳುವ ಅಧಿಕಾರ ನನಗಿದೆ. ಯಾಕೆಂದರೆ ಆ ಮೆಸೇಜು ಬರೆದವಳು ನಾನು.

ಹೋದ ವಾರ ಮತ್ತೆ ಫೋನು ಬಂತು. ಗುರುತಿಲ್ಲದ ದನಿ. "ಅಕ್ಕಾರ, ನಿಮ್ಮವರು ಸಿಕ್ಕಾರ್ರಿ! ಹುಕ್ಕೇರಿ ಸಂತ್ಯಾಗ ಅದಾರ. ಕೈ ಗಟ್ಯಾಗಿ ಹಿಡ್ಕೊಂಡೀನಿ, ಬಿಡಂಗಿಲ್ಲ ನಾ. ಲಗೂನ ಬರ್ರಿ."

ಒಂದು ವರ್ಷದ ಹಿಂದೆ ಸಿಕ್ಕ ಮನುಷ್ಯ ಮತ್ತೆ ಸಿಕ್ಕಿದ್ದರು.

ನಾನೀಗ ಗೋಕಾಕದಲ್ಲಿ ಒಬ್ಬ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ಫೈಲು ಮುಚ್ಚಿಟ್ಟು ಹುಕ್ಕೇರಿ ಬಸ್ಸು ಹತ್ತಿದೆ. ಘಟಪ್ರಭಾ ದಾಟುವಾಗ ಕಿಟಕಿಯಿಂದ ವಾಸನೆ ಬಂತು: ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಉಳಿದ ಒಣ ಎಲೆಗೆ, ರವದಿಗೆ, ಬೆಂಕಿ ಇಟ್ಟಿದ್ದರು. ಸಿಹಿಯೂ ಅಲ್ಲದ, ಸುಟ್ಟದ್ದೂ ಅಲ್ಲದ ಆ ಹೊಗೆ ಮೂಗಿಗೆ ಹೊಡೆದದ್ದೇ, ಹೋದ ವರ್ಷದ ಸೀಸನ್ನು ಪೂರ್ತಿ ಎದ್ದು ಬಂತು.

ಅದೂ ಕಬ್ಬಿನ ಸೀಸನ್ನೇ. ನಾನು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೆ. ನಮ್ಮೂರು ಮಮದಾಪುರ, ರಜೆ ಬಂದರೆ ಮೂಡಲಗಿಗೆ ಮಾವನ ಮನೆಗೆ ಹೋಗುವುದು ಚಿಕ್ಕಂದಿನಿಂದ ರೂಢಿ; ಆಗಲೂ ಅಲ್ಲೇ ಇದ್ದೆ. ಶಿವಪುತ್ರ ಮಾವ ನನ್ನ ಅವ್ವನ ಅಣ್ಣ. ಮೂವತ್ತು ವರ್ಷ ಸರಕಾರಿ ಸರ್ವೇಯರ್ ಆಗಿದ್ದವರು. ನಮ್ಮ ಕಡೆ ಹೊಲ ಅಳೆಯುವುದಕ್ಕೆ ಮೋಜಣಿ ಎನ್ನುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಅವರು ತುಳಿಯದ ಬದು ಇರಲಿಲ್ಲ. ಅಳತೆಯ ಸರಪಳಿ ಬಿಚ್ಚುವ ಮೊದಲು ಬದುವಿನ ಮೇಲೆ ಒಮ್ಮೆ ನಡೆದು ಹೆಜ್ಜೆಯಲ್ಲೇ ಲೆಕ್ಕ ಹೇಳುವರು. ಸರಪಳಿ ಹಿಡಿದ ಮೇಲೆ ಒಂದು ಗೇಣೂ ಆಚೀಚೆ ಆಗುತ್ತಿರಲಿಲ್ಲ. ಕೊಡಲಿ ಹಿಡಿದು ನಿಂತ ಅಣ್ಣತಮ್ಮಂದಿರು ಕೂಡ "ಸಾಹೇಬ್ರ ಏನ ಹೇಳ್ತಾರ ಅದ ಖರೆ" ಎಂದು ಕೊಡಲಿ ಇಳಿಸುತ್ತಿದ್ದರಂತೆ.

ನಿವೃತ್ತರಾಗಿ ಆರು ತಿಂಗಳಿಗೆ ಮರೆವು ಶುರುವಾಯಿತು. ಒಂದು ದಿನ ನನ್ನ ಅವ್ವ, ಅವರ ಒಡಹುಟ್ಟಿದ ತಂಗಿ, ಮನೆಗೆ ಹೋದಾಗ ಎದ್ದು ನಿಂತು, "ಬರ್ರಿ, ಕೂಡ್ರಿ. ಯಾವೂರ್ರಿ ನಿಮ್ದು?" ಎಂದರು. ಮರೆತದ್ದಕ್ಕಿಂತ ಅವರು ಕೊಟ್ಟ ಆ ಮರ್ಯಾದೆಗೇ ಅವ್ವ ಅತ್ತಳು. ಬೆಳಗಾವಿಯ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಮನೆಯಲ್ಲಿ ಮಾತ್ರ ಯಾರೂ ಆ ಹೆಸರು ಎತ್ತಲಿಲ್ಲ. "ಅವರಿಗೆ ಈಗೀಗ ಧ್ಯಾನ ಇರಂಗಿಲ್ಲ", ಅಂದರೆ ನೆನಪು ನಿಲ್ಲುವುದಿಲ್ಲ, ಎನ್ನುವುದಷ್ಟೇ ಆಡುಮಾತು. ಮಾವನೂ ಜಾಣರು. ಏನು ಕೇಳಿದರೂ ತಡವರಿಸದೆ, ನಗುತ್ತ, ಎಲ್ಲಿಗೂ ಹೊಂದುವಂಥ ಉತ್ತರ ಕೊಟ್ಟುಬಿಡುವರು. ಹತ್ತು ನಿಮಿಷ ಮಾತಾಡಿದವರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಹೊರಟು ನಿಂತವರನ್ನು "ಎಲ್ಲಿಗೆ" ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಕೇಳಲೇಬೇಕೆಂದರೆ "ದೂರ ಹೊಂಟ್ರೀ?" ಎನ್ನಬೇಕು. ಅದು ಪ್ರಶ್ನೆಯೇ ಅಲ್ಲ. "ಹೂಂನ್ರಿ, ಇಲ್ಲೇ" ಎಂದರೆ ಮುಗಿಯಿತು. ನಾನು ಆರೇಳು ವರ್ಷದವಳಿದ್ದಾಗ, ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದ ಮಾವನಿಗೆ "ಎಲ್ಲಿಗ್ರೀ ಮಾವಾ?" ಎಂದುಬಿಟ್ಟೆ. ಅವರು ಬೈಯಲಿಲ್ಲ. ಸುಮ್ಮನೆ ಒಳಗೆ ಬಂದು, ಚೀಲ ಇಳಿಸಿ, ಒಂದು ಚರಿಗೆ ನೀರು ಕುಡಿದು, ಐದು ನಿಮಿಷ ಕೂತು, ಮತ್ತೆ ಎದ್ದು ಹೋದರು. ಬೈದವರು ನೀಲವ್ವ ಅತ್ತೆ, ಮಾವನ ಹೆಂಡತಿ. "ಬಾಯಿಗೆ ಬೀಗ ಹಾಕ್ತೀನಿ ನಿಂಗ. ಹುಟ್ಟ ವಕೀಲಿ!" ಎಂದಿದ್ದರು.

ಆ ಸೀಸನ್ನಿನ ಒಂದು ಬೆಳಿಗ್ಗೆ ಮಾವ ಬಿಳಿ ಅಂಗಿಯ ಮೇಲೆ ಕಂದು ಸ್ವೆಟರು ಹಾಕಿ, ಹಳೆಯ ಖಾಕಿ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿದರು. ಅತ್ತೆ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ ನೋಡಿದರು. ಆಮೇಲೆ ನೂರು ಸಲ ಅಂದರು, "ನೋಡೀನವ್ವ ನಾ. ಕಣ್ಣಾರೆ ನೋಡೀನಿ. ಹೊಂಟ ನಿಂತವರನ್ನ ಹೆಂಗ ಕೇಳೂದು? ಮೂವತ್ತು ವರ್ಷ ಕೇಳಿಲ್ಲ. ಅವತ್ತೂ ಕೇಳಲಿಲ್ಲ."

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಮಾವನ ಮಗ ಗಿರೀಶನಿಗೆ ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ರಿಪೇರಿಯ ಅಂಗಡಿ. ಅವನು ಬೈಕಿನಲ್ಲಿ ಊರೆಲ್ಲ ಸುತ್ತಿ ಬಂದ. ಮೂರು ಗಂಟೆಗೆ ಠಾಣೆಗೆ ಹೋದೆವು. ಬರೆದುಕೊಂಡ ಹವಾಲ್ದಾರರು ಕೇಳಬೇಕಾದ್ದನ್ನೇ ಕೇಳಿದರು: "ಸಣ್ಣ ಹುಡುಗ ಅಲ್ಲಲ್ರಿ ಇವರು. ತಮ್ಮ ಮನಸಿನಿಂದ ಎಲ್ಲ್ಯರ ಹೋಗಿರಬೇಕು. ಆರಾಮ ಅದಾರಿಲ್ಲೋ? ತಲಿದು ಗಿಲಿದು ಏನರ ತ್ರಾಸ ಐತೇನು?" ಅತ್ತೆ ಗಿರೀಶನ ತೋಳು ಹಿಡಿದರು. ಗಿರೀಶ "ಇಲ್ರಿ, ಗಟ್ಟಿ ಅದಾರ" ಎಂದ. ಹವಾಲ್ದಾರರು ಪೆನ್ನು ಮುಚ್ಚುತ್ತ, "ಹಂಗಾದ್ರ ಬರ್ತಾರ ಬಿಡ್ರಿ, ಸಂಜೀಕ ನೋಡ್ರಿ" ಎಂದರು. ಅವರ ತಪ್ಪೇನು? ಗಟ್ಟಿ ಇರುವ ಗಂಡಸು ಹಗಲುಹೊತ್ತಿನಲ್ಲಿ ಮನೆಯಿಂದ ಹೊರಗೆ ಹೋಗುವುದು ಅಪರಾಧವೂ ಅಲ್ಲ, ಆಪತ್ತೂ ಅಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತೆವು. ಮೆಸೇಜು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗಿರೀಶ ಅಂದ, "ಮರವು ಐತಿ ಅಂತ ಬರಿ ಸುಧಾ. ಅದ ಮದಲ ಬರಿ."

"ಏನಂದಿ?" ಅತ್ತೆ ಎದ್ದೇ ನಿಂತರು. "ನಾಳೆ ಮನಿಗೆ ಬರ್ತಾರ. ಅವರ ಫೋನಿಗೂ ಅದ ಬಂದಿರತೈತಿ. ಓದಾಕ ಬರಂಗಿಲ್ಲೇನು ಅವರಿಗೆ? ಊರ ಮಂದಿಗೆಲ್ಲ 'ತಲಿ ಕೆಟ್ಟವರು' ಅಂತ ಸಾರಿದ ಮ್ಯಾಲ ಯಾವ ಮಾರಿ ಹೊತ್ತು ಓಡಾಡಬೇಕು? ಅಷ್ಟ ಅಲ್ಲ. ಅವರ ಅಳದ ಹೊಲ ಎಷ್ಟ ಅದಾವ ಗೊತ್ತೇನ ನಿಂಗ? ಗಡಿ ಸೋತವರೆಲ್ಲ 'ತಲಿ ಕೆಟ್ಟಾಗ ಅಳದಾನ, ಮತ್ತ ಅಳೀರಿ' ಅಂತ ಎದ್ದ ಬರ್ತಾರ. ಇದ್ದ ಒಂದ ಹೆಸರು, ಅದನ್ನೂ ಕಳೀತಿಯೇನು?"

"ಅವ್ವಾ, ಹೆಸರು ಆಮ್ಯಾಲ. ಮದಲ ಮನಷ್ಯಾ ಸಿಗಬೇಕಲ್ಲ?"

ಇಲ್ಲಿ ನಾನು ಬಾಯಿ ಹಾಕಿದೆ. ಹಿಂದಿನ ತಿಂಗಳಷ್ಟೇ ಬೆಳಗಾವಿಯಲ್ಲಿ ಒಂದು ಅಂತರ ಕಾಲೇಜು ಚರ್ಚೆಯಲ್ಲಿ, ರೋಗಿಯ ಖಾಸಗಿತನವನ್ನು ಯಾವ ಕಾರಣಕ್ಕೂ ಮುರಿಯಬಾರದು ಎಂಬ ಪಕ್ಷ ವಹಿಸಿ ಗೆದ್ದು ಬಂದಿದ್ದೆ. ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಕಾಯಿಲೆ ಮಾವನದು, ಹೇಳುವ ಹಕ್ಕೂ ಅವರದೇ ಎಂದೆ. ಕಳೆದವರನ್ನು ಹುಡುಕಲು ಗುರುತು ಬೇಕು, ರೋಗದ ವರದಿ ಬೇಡ ಎಂದೆ. ಮಗು ಕಳೆದರೆ ಊರು ಹುಡುಕುತ್ತದೆ. ದೊಡ್ಡವರನ್ನು ಹುಡುಕಬೇಕಾದರೆ ಅವರನ್ನು ಮೊದಲು ಮಗು ಮಾಡಬೇಕೇನು ಎಂದು ಕೇಳಿದೆ. ಕೊನೆಗೆ, "ಫೋಟೋ ಐತಿ, ಹೆಸರೈತಿ, ನಂಬರ್ ಐತಿ. ಸಿಗಾಕ ಇನ್ನೇನ ಬೇಕು, ನೀನ ಹೇಳು?" ಎಂದೆ.

"ನಿನ್ನ ಕೂಡ ಮಾತಿನ್ಯಾಗ ಯಾರ ಗೆಲ್ಲಬೇಕು ತಾಯಿ" ಎಂದು ಗಿರೀಶ ಎದ್ದು ಹೋದ. ಆ ಸಾಲು ಬಿಟ್ಟುಹೋಯಿತು.

ನಾನು ಬರೆದದ್ದು ಇಷ್ಟು: "ಮೂಡಲಗಿಯ ನಿವೃತ್ತ ಸರ್ವೇಯರ್ ಶ್ರೀ ಶಿವಪುತ್ರಪ್ಪನವರು ಇಂದು ಬೆಳಿಗ್ಗೆ ಮನೆಯಿಂದ ಹೋದವರು ಮರಳಿಲ್ಲ. ಬಿಳಿ ಅಂಗಿ, ಕಂದು ಸ್ವೆಟರ್, ಹೆಗಲಿಗೆ ಖಾಕಿ ಚೀಲ. ಕಂಡವರು ದಯವಿಟ್ಟು ತಿಳಿಸಬೇಕು." ಕೆಳಗೆ ಗಿರೀಶನ ನಂಬರು, ನನ್ನ ನಂಬರು. ಫೋಟೋ ಹುಡುಕಿದರೆ ಒಬ್ಬರೇ ಇರುವ, ಮುಖ ಸ್ಪಷ್ಟ ಕಾಣುವ ಚಿತ್ರ ಒಂದೇ ಇತ್ತು: ನಿವೃತ್ತಿಯ ದಿನ ಶಾಲು ಹೊದಿಸಿ, ಮಾಲೆ ಹಾಕಿ, ಕುರ್ಚಿಯಲ್ಲಿ ಕೂಡಿಸಿ ತೆಗೆದದ್ದು. ಅದನ್ನೇ ಹಾಕಿದೆವು.

ನಮ್ಮ ಕಡೆ ಮಾಲೆ ಹಾಕಿದ ಫೋಟೋ ಬಂದರೆ ಕೆಳಗಿನ ಅಕ್ಷರ ಯಾರು ಓದುತ್ತಾರೆ? ಅರ್ಧ ಗಂಟೆಯಲ್ಲಿ "ಓಂ ಶಾಂತಿ"ಗಳು ಬರತೊಡಗಿದವು. ಕೈ ಮುಗಿದ ಚಿತ್ರಗಳು ಸಾಲುಸಾಲು. ಹಾಲಿನ ಡೇರಿಯ ಗುಂಪಿನಲ್ಲಿ ಒಬ್ಬರು "ದೊಡ್ಡ ಮನಷ್ಯಾ ಹೋದ" ಎಂದು ಬರೆದರು. ಹುಕ್ಕೇರಿ ಕಡೆಯ ಒಬ್ಬ ಹಳೆಯ ಪರಿಚಯದವರು ನೇರ ಮನೆಗೇ ಫೋನು ಮಾಡಿದರು, ಎತ್ತಿದವರು ಅತ್ತೆ. ಆ ಕಡೆಯವರು ತಗ್ಗಿದ ದನಿಯಲ್ಲಿ, "ಮಣ್ಣ ಎಷ್ಟ ಗಂಟೇಕ ಐತ್ರಿ?" ಎಂದರು. ಅತ್ತೆ ಫೋನು ನೆಲದ ಮೇಲಿಟ್ಟು, ಅದು ಚೇಳೇನೋ ಎಂಬಂತೆ ದೂರ ಸರಿದು ಕೂತರು.

ಗಿರೀಶ ಮಾಲೆಯನ್ನು ಕತ್ತರಿಸಿ ಮುಖವಷ್ಟೇ ಉಳಿಸಿ ಮತ್ತೆ ಕಳಿಸಿದ. ಊರಿನ ಕಸದ ಗಾಡಿಗೆ ಮೈಕು ಇರುತ್ತದಲ್ಲ, ಅದರಲ್ಲಿ ಕೂಗಿಸೋಣವೆಂದ. "ಅವರ ಹೆಸರ ಕಸದ ಗಾಡ್ಯಾಗ ಕೂಗಸ್ತೀಯೇನೋ?" ಎಂದು ಅತ್ತೆ ಅದಕ್ಕೂ ಬೇಡವೆಂದರು. ಅಲ್ಲಿಯೂ ನಾನು ಅತ್ತೆಯ ಕಡೆಗೇ ಇದ್ದೆ.

ಆ ಎರಡು ದಿನ ಮಾವ ಎಲ್ಲೆಲ್ಲಿ ಹಾದರು ಎಂಬುದು ನಮಗೆ ಆಮೇಲೆ ತಿಳಿಯಿತು. ತಿಳಿದಷ್ಟೂ ನಿದ್ದೆ ಕೆಟ್ಟಿತು. ಗೋಕಾಕ ಬಸ್ ನಿಲ್ದಾಣದ ಚಹಾ ಅಂಗಡಿಯವರು ಅವರಿಗೆ ಚಹಾ ಕೊಟ್ಟಿದ್ದರು. ಎದುರಿಗೆ ಕೂತ ಗಿರಾಕಿಯ ಫೋನಿನಲ್ಲಿ ಇದೇ ಮುಖ ನೋಡಿಯೂ ಇದ್ದರು. "ಅವರನ್ನ ಕಂಡ್ರ ಕಳದವರಂಗ ಕಾಣಲಿಲ್ಲ ತಂಗಿ. ಮನ್ಯಾಗ ಏನರ ಮಾತ ಬಂದಿರಬೇಕು, ಸಿಟ್ಟಾಗಿ ಬಂದಾರ ಅನ್ಕೊಂಡೆ. ನಾವ್ ಯಾಕ ಬಾಯಿ ಹಾಕೂದು? 'ದೂರ ಹೊಂಟ್ರೀ ಸಾಹೇಬ್ರ?' ಅಂದೆ. 'ಹೂಂನ್ರಿ, ಇಲ್ಲೇ' ಅಂದ್ರು." ಧುಪದಾಳದ ಕಡೆ ಹೊರಟಿದ್ದ ಒಬ್ಬ ರೈತರು ಬೈಕು ನಿಲ್ಲಿಸಿ ಹಿಂದೆ ಕೂರಿಸಿಕೊಂಡಿದ್ದರು. ಅವರೂ ಕೇಳಿದ್ದು ಅದನ್ನೇ, ಉತ್ತರ ಬಂದದ್ದೂ ಅದೇ. ಮರುದಿನ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ಬುತ್ತಿಯ ರೊಟ್ಟಿ ಕೊಟ್ಟಿದ್ದಳು. ಬದುವಿನ ಮೇಲೆ ಹೆಜ್ಜೆ ಎಣಿಸುತ್ತ ನಡೆಯುವ ಮನುಷ್ಯ ಮೋಜಣಿಯವರಲ್ಲದೆ ಇನ್ನಾರು? ಎಲ್ಲರೂ ಅವರಿಗೆ ಮರ್ಯಾದೆ ಕೊಟ್ಟರು. ಮರ್ಯಾದೆ ಕೊಟ್ಟು ಕೊಟ್ಟು ಮುಂದೆ ಸಾಗಿಸಿದರು.

ಎರಡನೆಯ ದಿನ ಮಧ್ಯಾಹ್ನ ಆ ಬೈಕಿನ ರೈತರು ಫೋನು ಮಾಡಿದರು. "ನಿನ್ನೆ ಹೊತ್ತ ಮುಳಗೂ ಮುಂದ ಧುಪದಾಳದಾಗ ಒಡ್ಡಿನ ಹತ್ರ ನಾನ ಇಳಿಸೀನ್ರಿ. ಮೆಸೇಜ್ ಈಗ ನೋಡಿದೆ."

ಒಡ್ಡಿನ ಹತ್ತಿರ. ನದಿಗೆ ಅಡ್ಡ ಕಟ್ಟಿದ ಒಡ್ಡು. ಆ ಮಾತು ಕೇಳಿದ್ದೇ ಮೂವರೂ ಧುಪದಾಳಕ್ಕೆ ಹೊರಟೆವು. ನೀರು ಒಡ್ಡಿನ ಮೇಲಿಂದ ಹಾಸಿಗೆ ಹಾಸಿದಂತೆ ಇಳಿಯುತ್ತಿತ್ತು. ಗಿರೀಶ ದಂಡೆಗುಂಟ ಒಂದು ಬದಿಗೆ ಹೋದ, ಕಣ್ಣು ನೀರಿನ ಮೇಲಿಟ್ಟು. ಕಸ ಕಡ್ಡಿ ಬಂದು ನಿಲ್ಲುವ ಮೂಲೆಗಳನ್ನು ಅವನು ಬಗ್ಗಿ ಬಗ್ಗಿ ನೋಡುವುದು ಕಾಣುತ್ತಿತ್ತು. ಏನು ಹುಡುಕುತ್ತಿದ್ದಾನೆಂದು ಅತ್ತೆಗೂ ಗೊತ್ತಿತ್ತು. ಅವರು ಸೆರಗು ಬಿಗಿದು ನಿಂತು ಬಹಳ ಹೊತ್ತು ನೀರು ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಅಂದರು:

"ಬರಿ ಸುಧಾ. ಮರವು ಐತಿ ಅಂತ ಬರಿ."

"ಅತ್ತಿ, ನೀವ ಅಂದಿದ್ರಲ್ಲ..."

"ನಾ ಅಂದಿದ್ದೆ. ನೀ ಗೆದ್ದಿದ್ದಿ. ಈಗ ಬರಿ."

ಒಡ್ಡಿನ ಸಪ್ಪಳದಲ್ಲಿ ಕಲ್ಲಿನ ಮೇಲೆ ಕೂತು ಬರೆದೆ. "ಇವರಿಗೆ ಮರೆವಿನ ಕಾಯಿಲೆ ಇದೆ. ಸಕ್ಕರೆ ಕಾಯಿಲೆಯೂ ಇದೆ, ಎರಡು ದಿನದಿಂದ ಗುಳಿಗೆ ಇಲ್ಲ. ಮಾತಾಡಿಸಿದರೆ ಸರಿಯಾಗಿಯೇ ಉತ್ತರ ಕೊಡುತ್ತಾರೆ. ನಂಬಬೇಡಿ. ಕೂರಿಸಿಕೊಳ್ಳಿ, ಫೋನು ಮಾಡಿ." ಕಳಿಸುವ ಮೊದಲು ಒಮ್ಮೆ ಓದಿಕೊಂಡೆ. ಮೂವತ್ತು ವರ್ಷ ಯಾರ ಒಂದು ಮಾತಿನ ಮೇಲೆ ಊರೂರ ಗಡಿ ನಿಂತಿತ್ತೋ ಅವರ ಬಗ್ಗೆ "ನಂಬಬೇಡಿ" ಎಂದು ಬರೆದಿದ್ದೆ. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ. ಕಳಿಸಿದೆ.

ಈಗ ಬಳಗದವರ ಕಥೆ ಜಾರುವ ಜಾಗಕ್ಕೆ ಬರೋಣ. ಮಾವನನ್ನು ಹಿಡಿದುಕೊಟ್ಟದ್ದು ಒಂದು ಜಗಳ.

ಹುಕ್ಕೇರಿ ದಾಟಿ ಒಂದು ಹಳ್ಳಿಯಲ್ಲಿ ಮಲ್ಲಪ್ಪ, ಅಡಿವೆಪ್ಪ ಎಂಬ ಅಣ್ಣತಮ್ಮ. ಅಪ್ಪ ತೀರಿದ ಮೇಲೆ ಹೊಲ ಎರಡು ಪಾಲಾಗಿತ್ತು. ನಡುವೆ ಒಂದು ಬದು, ಬದುವಿನ ತುದಿಗೆ ಗಡಿಕಲ್ಲು. ಇಪ್ಪತ್ತು ವರ್ಷದ ಹಿಂದೆ ಆ ಪಾಲು ಅಳೆದವರು ಮಾವನೇ. ಮೂರನೆಯ ದಿನ ಬೆಳಿಗ್ಗೆ ತಮ್ಮ ಅಡಿವೆಪ್ಪ ಹೊಲಕ್ಕೆ ಬಂದರೆ ಸರ್ವೇಯರ್ ಸಾಹೇಬರು ಬದುವಿನ ಮೇಲೆ ಹೆಜ್ಜೆ ಹಾಕುತ್ತಿದ್ದಾರೆ! ಅಣ್ಣ ಕಳ್ಳತನದಿಂದ ಮೋಜಣಿಗೆ ಅರ್ಜಿ ಕೊಟ್ಟಿದ್ದಾನೆ ಎಂದು ಅವನ ತಲೆ ಕಾದಿತು. ಆ ಕಡೆಯಿಂದ ಬಂದ ಅಣ್ಣ ಮಲ್ಲಪ್ಪ, ತಮ್ಮನೇ ಕರೆಸಿದ್ದಾನೆ ಎಂದುಕೊಂಡ. ಇಬ್ಬರಿಗೂ ಬಾಯಿಗೆ ಬಾಯಿ ಹತ್ತಿತು. ಅಳತೆಗೆ ಮುಂಚೆ ಅಕ್ಕಪಕ್ಕದ ಹೊಲದವರಿಗೆ ನೋಟೀಸು ಕೊಡಬೇಕೆಂಬ ನಿಯಮ ನಮ್ಮ ರೈತರಿಗೆ ಬಾಯಿಪಾಠ. ಅಡಿವೆಪ್ಪ ಹುಕ್ಕೇರಿಯ ಕಚೇರಿಯಲ್ಲಿ ತನಗೆ ಗುರುತಿದ್ದ ಗುಮಾಸ್ತರಿಗೆ ಫೋನು ಹಚ್ಚಿ ಒದರಿದ:

"ನೋಟೀಸ್ ಇಲ್ಲದ ನಮ್ಮ ಬದು ಹೆಂಗ ಅಳೀತೀರ್ರಿ? ಶಿವಪುತ್ರ ಸಾಹೇಬ್ರನ್ನ ಯಾರ ಕಳಿಸ್ಯಾರ ಹೇಳ್ರಿ ಮದಲ!"

ಆ ಕಡೆಯಿಂದ ಗುಮಾಸ್ತರು, "ಅಡಿವೆಪ್ಪಾ, ಸಾಹೇಬ್ರು ರಿಟೈರ್ ಆಗಿ ವರ್ಷಾತು. ಅವರನ್ನ ಅಲ್ಲೇ ಕೂಡ್ರಿಸು. ಎಬ್ಬಿಸಬ್ಯಾಡ" ಎಂದು, ಕೂಡಲೇ ಗಿರೀಶನಿಗೆ ಫೋನು ಮಾಡಿದರು.

ನಾವು ಮುಟ್ಟಿದಾಗ ಅಣ್ಣತಮ್ಮ ಇನ್ನೂ ಜಗಳವಾಡುತ್ತಲೇ ಇದ್ದರು. ಆದರೆ ಮಾವನ ಒಂದು ಬದಿಗೆ ಮಲ್ಲಪ್ಪ ತಂದ ಮಜ್ಜಿಗೆಯ ತಂಬಿಗೆ, ಇನ್ನೊಂದು ಬದಿಗೆ ಅಡಿವೆಪ್ಪ ತಂದ ರೊಟ್ಟಿ, ಶೇಂಗಾ ಚಟ್ನಿ. ನಿವೃತ್ತರೆಂದು ತಿಳಿದ ಮೇಲೂ, ಅಕಸ್ಮಾತ್ ಅಳತೆ ಆಗಿಯೇ ಹೋದರೆ ಎಂಬ ಅಂಜಿಕೆಯಿಂದ ಇಬ್ಬರೂ ಪೈಪೋಟಿಗೆ ಬಿದ್ದು ಉಣ್ಣಿಸಿದ್ದರು.

"ಸಾಹೇಬ್ರ, ಇವಾ ಕಲ್ಲ ಸರಿಸ್ಯಾನ ಅಂತ ನಿಮಗೂ ಗೊತ್ತಾತಿಲ್ಲೋ?"

"ಏ ಅಣ್ಣಾ, ಕಲ್ಲ ಸರಿಸಾಕ ನಾ ಏನ ಬಸವಣ್ಣನ ಎತ್ತೇನೋ?"

ಮಾವ ಇಬ್ಬರ ಮಾತೂ ಕೇಳುತ್ತಿರಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ ಇತ್ತು; ಇನ್ನೊಂದಕ್ಕೆ ಟವೆಲು ಸುತ್ತಿತ್ತು, ಟವೆಲು ಕೆಂಪಾಗಿತ್ತು. ಅತ್ತೆ ಬದುವಿನ ಮೇಲೆ ಓಡಿ ಹೋಗಿ ಎದುರಿಗೆ ನಿಂತರು. ಅವರನ್ನು ನೋಡಿ ಮಾವನ ಮುಖ ಬಿಚ್ಚಿಕೊಂಡಿತು. ಹೆಂಡತಿಯೆಂದು ಗುರುತು ಹಿಡಿದರೋ, ಸರಪಳಿ ಹಿಡಿಯುವ ಆಳು ಅಂದುಕೊಂಡರೋ ನನಗೆ ಇಂದಿಗೂ ಗೊತ್ತಿಲ್ಲ.

"ಬಂದಿ? ಆ ತುದಿ ಹಿಡಿ. ಎರಡ ಹೆಜ್ಜಿ ಕಮ್ಮಿ ಬರಾಕತ್ತಾವ."

ಅತ್ತೆ ಇಲ್ಲದ ಸರಪಳಿಯ ತುದಿ ಹಿಡಿದು, ಬದುವಿನ ಆ ಕೊನೆಯವರೆಗೆ ನಡೆದು ಹೋಗಿ, ಗಡಿಕಲ್ಲಿನ ಮೇಲೆ ಕೈಯಿಟ್ಟು ಕೂತರು.

ಗಾಯದಲ್ಲಿ ಮಣ್ಣು ಸೇರಿ ಎರಡು ದಿನವಾಗಿತ್ತು. ಸಕ್ಕರೆಯ ದೇಹ. ಆಸ್ಪತ್ರೆಯಲ್ಲಿ ಬಲಗಾಲಿನ ಎರಡು ಬೆರಳು ತೆಗೆದರು. ಎಲೆ ಅಡಿಕೆ ಹೊತ್ತಿನ ಕಥೆಯಲ್ಲಿ ಆ ಬೆರಳುಗಳು ಬರುವುದಿಲ್ಲ.

ಎದುರು ಪಕ್ಷಕ್ಕೂ ಒಂದು ಮಾತು ಬಿಟ್ಟುಕೊಡಬೇಕು. ಗಿರೀಶ ಕೇಳುತ್ತಾನೆ, "ಆ ಗುಮಾಸ್ತರಿಗೆ ಗೊತ್ತಾಗಿದ್ದು ಹೆಂಗ? ಮೆಸೇಜ್ ಇಂದನ ಅಲ್ಲೇನು?" ಹೌದು. ನಾನೇ ಹೋಗಿ ಅವರನ್ನು ಕೇಳಿದೆ. ಅವರು ಹೇಳಿದ್ದು: "ಮದಲನೇದು ನೋಡಿದ್ದೆ ಮೇಡಂ. ಯಾರದರ ಖಾಸಗಿ ಕೆಲಸಕ್ಕ ಹೋಗಿರಬೇಕು ಅಂತ ಬಿಟ್ಟೆ. ಎ‌ರಡನೇದ್ರಾಗ ಮರವು ಅಂತ ಇತ್ತಲ್ರಿ, ಅದಕ್ಕ ಎದಿ ಧಸಕ್ಕಂತು." ಅಂದರೆ ಕೂಗಿದ್ದು ಎಷ್ಟು ಜನಕ್ಕೆ ಮುಟ್ಟಿತು ಎಂಬುದಕ್ಕಿಂತ ಕೂಗಿನಲ್ಲಿ ಏನಿತ್ತು ಎಂಬುದೇ ದೊಡ್ಡದು. ಒಮ್ಮೆ ಸರಕಾರದ ಪರೀಕ್ಷಾ ಸಂದೇಶವೊಂದು ಬಂದು ಎಲ್ಲರ ಫೋನೂ ಒಟ್ಟಿಗೆ ಕಿರುಚಿದ್ದು ನೆನಪಿರಬಹುದು. ಹೊಳೆ ಬಂದರೆ ಹಾಗೆ ಎಚ್ಚರಿಸುತ್ತಾರಂತೆ. ದಾರಿ ಮರೆತು ನಡೆಯುವವರಿಗಾಗಿಯೂ ಅಂಥದೊಂದು ಕೂಗು ಬೇಕೆಂದು ನಾನು ಈಗ ವಾದಿಸುತ್ತೇನೆ. ಆದರೆ ಗಂಟಲು ಎಷ್ಟೇ ದೊಡ್ಡದಿರಲಿ, ಅದು ಏನು ಕೂಗಬೇಕೆಂಬುದು ಕೊನೆಗೆ ಯಾವುದೋ ಮನೆಯ ಅಡುಗೆಮನೆಯಲ್ಲೇ ತೀರ್ಮಾನವಾಗುತ್ತದೆ.

ಹಾಗಾದರೆ ಅತ್ತೆ ಹೇಳಿದ್ದು ಸುಳ್ಳಾಯಿತೇ? ಅದೂ ಇಲ್ಲ. ಮಾವ ಆಸ್ಪತ್ರೆಯಿಂದ ಬಂದ ಮೇಲೆ ಕಟ್ಟೆಯ ಮೇಲೆ ಕೂತರೆ, ದೊಡ್ಡ ದೊಡ್ಡ ಮನುಷ್ಯರು ನಿಂತು, "ಸಾಹೇಬ್ರ, ಇವತ್ತ ಯಾವ ವಾರ ಹೇಳ್ರಿ ನೋಡೂಣು?" ಎಂದು ಪರೀಕ್ಷೆ ಮಾಡತೊಡಗಿದರು. ಹಳೆಯ ಅಳತೆ ಒಪ್ಪುವುದಿಲ್ಲವೆಂದು ಒಬ್ಬರು ಅರ್ಜಿಯನ್ನೂ ಹಾಕಿದರು. ಇದೆಲ್ಲಕ್ಕಿಂತ ಒಂದು ಮಧ್ಯಾಹ್ನ ನನ್ನನ್ನು ಈಗಲೂ ಚುಚ್ಚುತ್ತದೆ. ಮಾವ ಅಂಗಳದ ಬಿಸಿಲಲ್ಲಿ ಕೂತು ತಮ್ಮ ಫೋನು ನೋಡುತ್ತಿದ್ದರು. ಬೆರಳಿಟ್ಟು ಸಾವಕಾಶ ಓದುತ್ತಿದ್ದರು, ಹಳೆಯ ದಾಖಲೆ ಓದಿದ ಹಾಗೆ. ಬೆರಳು "ನಂಬಬೇಡಿ" ಎಂಬಲ್ಲಿ ನಿಂತಿತು.

"ಬರೆದವರ ಭಾಷೆ ಶುದ್ಧ ಐತಿ" ಎಂದರು. ಫೋನು ಮಗುಚಿಟ್ಟರು.

ಆ ಮೆಸೇಜು ಇನ್ನೂ ಸತ್ತಿಲ್ಲ. ಸಿಕ್ಕಿದ್ದಾರೆ ಎಂದು ಎಷ್ಟು ಬರೆದರೂ ಆ ಸುದ್ದಿ ಇದರಷ್ಟು ಓಡುವುದಿಲ್ಲ. ದುಃಖದ ಸುದ್ದಿಯ ಕಾಲು ಯಾವಾಗಲೂ ಗಟ್ಟಿ. ಹೋದ ವಾರ ಅತ್ತೆ ಮಾವನನ್ನು ಕರೆದುಕೊಂಡು ಹುಕ್ಕೇರಿ ಸಂತೆಗೆ ಹೋಗಿದ್ದರು, ಅಷ್ಟೇ. ಅತ್ತೆ ಬದನೆಕಾಯಿ ಆರಿಸುವ ಹೊತ್ತಿಗೆ ಎದುರಿನ ಬಳೆ ಅಂಗಡಿಯವರು ಹಾರಿ ಬಂದು ಮಾವನ ರಟ್ಟೆ ಹಿಡಿದಿದ್ದರು.

ನಾನು ಹೋದಾಗ ಜನ ಸುತ್ತುಗಟ್ಟಿತ್ತು. ಅತ್ತೆಯ ದನಿ ಎಲ್ಲರಿಗಿಂತ ಮೇಲಿತ್ತು. "ಏನ್ರಿ, ನಾ ಹೆಂಡ್ತಿ ಅಂತ ಹೇಳಾಕತ್ತೇನಿ!"

"ನೀವ್ ಯಾರರ ಆಗ್ರಿ ಯವ್ವಾ. 'ನಂಬಬೇಡಿ' ಅಂತ ಇದ್ರಾಗ ಬರದೈತಿ." ಬಳೆ ಅಂಗಡಿಯವರು ಫೋನು ಎತ್ತಿ ಹಿಡಿದು ತೋರಿಸಿದರು. ಒಳ್ಳೆಯ ಮನುಷ್ಯರು, ಅಂಗಡಿ ಬಿಟ್ಟು ಒಂದು ತಾಸು ಹಿಡಿದು ನಿಂತಿದ್ದರು. ನಾನೇ ಬರೆದವಳೆಂದು ಹೇಳಿ, ನನ್ನ ನಂಬರು ತೋರಿಸಿ, ಬಿಡಿಸಿಕೊಂಡೆ. ಕೈ ಬಿಡುವಾಗ ಅವರ ಮುಖ ಸಣ್ಣದಾಯಿತು. "ಉಪಕಾರ ಮಾಡಾಕ ಹೋದ್ನಿ ತಂಗಿ" ಎಂದರು. ಮಾವ ಮಾತ್ರ ಅವರಿಗೆ ಕೈ ಮುಗಿದು, "ಬರ್ತೀನ್ರಿ" ಎಂದರು, ಅರ್ಜಿದಾರರ ಮನೆಯಿಂದ ಎದ್ದು ಬರುವಾಗ ಅನ್ನುತ್ತಿದ್ದ ಹಾಗೆ. ರಟ್ಟೆಯ ಮೇಲೆ ಬೆರಳಿನ ಗುರುತು ಮೂಡಿತ್ತು.

ಬಸ್ ನಿಲ್ದಾಣದಲ್ಲಿ ಅತ್ತೆ ನಮ್ಮಿಬ್ಬರನ್ನು ಕಟ್ಟೆಯ ಮೇಲೆ ಕೂಡಿಸಿ, ಬಿಟ್ಟು ಬಂದ ಕಾಯಿಪಲ್ಲೆಯ ಚೀಲ ತರಲು ಸಂತೆಗೆ ಹೋದರು. ಮಾವ ಬೂಟಿನೊಳಗಿನ ಕುಂಟು ಕಾಲು ನೀಡಿ ಕೂತಿದ್ದರು. ಕಬ್ಬು ಹೇರಿದ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹಾದುಹೋಯಿತು. ಅದರ ಆಚೆ, ಪಡುವಣ ಕಡೆಗೆ, ಆ ಅಣ್ಣತಮ್ಮಂದಿರ ಊರಿನ ರಸ್ತೆ. ಮಾವನ ಕಣ್ಣು ಅಲ್ಲೇ ನಟ್ಟಿತ್ತು.

ಮಲ್ಲಪ್ಪ ಅಡಿವೆಪ್ಪ ಆ ಬದುವನ್ನು ಈವರೆಗೆ ಅಳೆಸಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ. "ಎರಡ ಹೆಜ್ಜಿ ಯಾರ ಕಡೆ ಹೋಗ್ಯಾವ ಯಾರಿಗ್ಗೊತ್ತು ತಂಗಿ? ಗೊತ್ತಿಲ್ಲದ್ದಕ್ಕ ಇಬ್ಬರೂ ಆರಾಮ ಅದೀವಿ" ಎಂದಿದ್ದ ಅಡಿವೆಪ್ಪ. ಹಾಗಾಗಿ ಆ ಎರಡು ಹೆಜ್ಜೆ ನಿಜಕ್ಕೂ ಕಮ್ಮಿಯಿದ್ದವೋ, ಮರೆವು ನುಂಗಿದ್ದವೋ ತಿಳಿಯುವ ದಾರಿಯಿಲ್ಲ. ಇಪ್ಪತ್ತು ವರ್ಷದ ಹಿಂದಿನ ತಪ್ಪೊಂದನ್ನು ತಿದ್ದಲು ಒಬ್ಬ ಮನುಷ್ಯ ಹೊರಟಿದ್ದನೋ, ಸುಮ್ಮನೆ ಕಾಲು ಒಯ್ದತ್ತ ಹೋಗಿದ್ದನೋ? ಮೊದಲನೆಯದಾದರೆ ಅವರು ಕಳೆದೇ ಇರಲಿಲ್ಲ, ನಾವು ಸಾರಿದ್ದು ಸುಳ್ಳು. ಎರಡನೆಯದಾದರೆ ಮೊದಲ ದಿನವೇ ಸಾರದೆ ಎರಡು ಬೆರಳು ತೆಗೆಸಿದವಳು ನಾನು. ನನ್ನ ಎಲ್ಲ ವಾದಗಳೂ ಒಂದೇ ಒಂದು ಉತ್ತರದ ಮೇಲೆ ನಿಂತಿವೆ. ಅದನ್ನು ಕೊಡಬಲ್ಲವರು ಪಕ್ಕದಲ್ಲೇ ಕೂತಿದ್ದಾರೆ, ಚಹಾ ಅಂಗಡಿಯಿಂದ ಆಸ್ಪತ್ರೆಯ ತನಕ ಯಾರೂ ಅವರನ್ನು ಕೇಳಿಲ್ಲ. ಇನ್ನೊಂದು ವರ್ಷ ಕಳೆದರೆ ಕೇಳಿಯೂ ಪ್ರಯೋಜನವಿರುವುದಿಲ್ಲ.

ಬಸ್ಸು ಬಂದು ನಿಂತಿತು. ದೂರದಲ್ಲಿ ಅತ್ತೆ ಚೀಲ ಹೊತ್ತು ಬರುವುದು ಕಂಡಿತು. ಮಾವ ಅಭ್ಯಾಸದಂತೆ ಹೆಗಲು ಸರಿಪಡಿಸಿಕೊಂಡು ಎದ್ದು ನಿಂತರು. ಹೊರಟು ನಿಂತವರನ್ನು ಕೇಳಬಾರದು. ನಾನು ಅವರ ಅಂಗಿಯ ತೋಳನ್ನು, ಬೆರಳಿನ ಗುರುತಿದ್ದ ಜಾಗದಿಂದ ಸ್ವಲ್ಪ ಕೆಳಗೆ, ಮೆತ್ತಗೆ ಹಿಡಿದೆ.

"ಮಾವಾ, ಅವತ್ತ ನೀವು ಎಲ್ಲಿಗೆ ಹೊಂಟಿದ್ರಿ?"